ಕೆಂಪು ಶಾಯಿ

ಬಸ್ ಓಡಿಸುವ ಸಮವಸ್ತ್ರದಲ್ಲೇ ವರ್ನೆಲ್ ಮಗಳು ಜಕೀಯಾಳ ಕೈ ಹಿಡಿದು ಏಳನೇ ತರಗತಿಗೆ ನುಗ್ಗಿದಳು. ಗಣಿತದ ಟೀಚರ್ ಬ್ರಾಡ್ನಾಕ್ಸ್ ಅವರ ಮೇಜಿನ ಮೇಲೆ ಮಗಳ ಉತ್ತರಪತ್ರಿಕೆಯನ್ನು ಬಡಿದಿಟ್ಟಳು. ಅದರ ನೆತ್ತಿಯಲ್ಲಿ ಕೆಂಪು ಶಾಯಿಯಲ್ಲಿ ದಪ್ಪಗೆ ‘ಡಿ’ ಎಂದಿತ್ತು.

“ಮೂರು ವರ್ಷ ಬಿಳಿ ಟೀಚರುಗಳ ಹತ್ರ ಓದಿ ಬರೀ ಎ ತಂದ್ಲು. ಅಂತೂ ನಮ್ಮ ಕರಿಯರಲ್ಲೇ ಒಬ್ಬ ಟೀಚರ್ ಸಿಕ್ಕಿದ್ರು ಅಂತ ಚರ್ಚಲ್ಲಿ ಎದ್ದು ನಿಂತು ದೇವರಿಗೆ ವಂದನೆ ಹೇಳಿದ್ದೆ. ನೀವು ಡಿ ಕೊಟ್ರಿ! ನಮ್ಮವರನ್ನ ತುಳಿದ್ರೆ ಪ್ರಿನ್ಸಿಪಾಲರು ಬೆನ್ನು ತಟ್ತಾರಾ ಮೇಡಂ?”

ವರ್ನೆಲ್‌ಗೆ ಅನುಮಾನ ಹುಟ್ಟಿದ್ದು ಇವತ್ತಲ್ಲ. ಟೀಚರಮ್ಮನ ಮುತ್ತಿನ ಸರ, ಅಳೆದು ತೂಗಿ ಆಡುವ ಮಾತು ಕಂಡ ದಿನವೇ, ಈಕೆ ಹತ್ತಿದ ಏಣಿ ಒದೆಯುವವಳು ಎಂದು ತೀರ್ಮಾನಿಸಿದ್ದಳು.

ಬ್ರಾಡ್ನಾಕ್ಸ್ ಎದ್ದು ಬೋರ್ಡಿನ ಮೇಲೆ ಎರಡು ಭಿನ್ನರಾಶಿ ಬರೆದರು. “ಐದನೇ ಕ್ಲಾಸಿನ ಲೆಕ್ಕ. ಕೂಡಿಸು ಮಗಾ.”

ಜಕೀಯಾ ಬೋರ್ಡು ನೋಡಿದಳು. ಆಮೇಲೆ ಟೀಚರ ಕಡೆ ತಿರುಗಿ ಕೆನ್ನೆಯಲ್ಲಿ ಗುಳಿ ಬೀಳುವಂತೆ ನಕ್ಕಳು. “ನಿಮ್ಮ ಸರ ತುಂಬಾ ಚೆನ್ನಾಗಿದೆ ಮಿಸ್.”

ಆ ನಗು ವರ್ನೆಲ್‌ಗೆ ಗೊತ್ತಿದ್ದದ್ದೇ. ಪಾತ್ರೆ ತೊಳೆಯದೆ ತಪ್ಪಿಸಿಕೊಳ್ಳುವಾಗಿನ ನಗು. ಅವಳು ಟೀಚರ ಕಡೆ ತಿರುಗಿದಳು.

“ಮತ್ತೆ ಅವ್ರೆಲ್ಲ ಎ ಯಾಕೆ ಕೊಟ್ರು?”

“ಡಿ ಕೊಟ್ಟಿದ್ರೆ ನೀವೇನು ಮಾಡ್ತಿದ್ರಿ?”

“ಸುಮ್ನಿರ್ತಿದ್ನಾ? ಬಣ್ಣ ನೋಡಿ ಕೊಟ್ರು ಅಂತ ಶಾಲೇಲಿ ರಂಪ ಮಾಡ್ತಿದ್ದೆ.”

“ಅದು ಅವರಿಗೂ ಗೊತ್ತಿತ್ತಮ್ಮ.” ಬ್ರಾಡ್ನಾಕ್ಸ್ ದನಿ ತಗ್ಗಿಸಿದರು. “ಮೇ ತಿಂಗಳ ಪರೀಕ್ಷೇನ ಯಂತ್ರ ತಿದ್ದುತ್ತೆ. ಅದಕ್ಕೆ ಇವಳ ನಗು ಕಾಣಲ್ಲ. ಅದ್ರಲ್ಲಿ ಹಿಂದೆ ಬಿದ್ರೆ ಕೆಳಗಿನ ಗುಂಪಿಗೆ ಹಾಕ್ತಾರೆ, ಕಾಲೇಜಿನ ದಾರಿ ಈಗ್ಲೇ ಮುಚ್ಚುತ್ತೆ. ಶನಿವಾರ ನಮ್ಮನೆಗೆ ಕಳಿಸಿ, ಕೂರಿಸ್ಕೊಂಡು ಹೇಳಿಕೊಡ್ತೀನಿ.”

“ಯೋಚ್ನೆ ಮಾಡ್ತೀನಿ” ಎಂದಳು ವರ್ನೆಲ್. ಈ ಹೆಂಗಸನ್ನು ಇಷ್ಟು ಬೇಗ ನಂಬಲು ಅವಳಿಗೆ ಮನಸ್ಸಿರಲಿಲ್ಲ.

ಮನೆಯಲ್ಲಿ ಫ್ರಿಜ್ಜಿನ ಬಾಗಿಲ ತುಂಬ ಮಗಳ ಎ ಗ್ರೇಡಿನ ಉತ್ತರಪತ್ರಿಕೆಗಳು ಅಂಟಿಕೊಂಡಿದ್ದವು. ಬಂದವರಿಗೆಲ್ಲ ಅವನ್ನು ತೋರಿಸಿದ್ದವಳು, ಇವತ್ತು ಮೊದಲ ಸಲ ಒಂದೊಂದಾಗಿ ಕಿತ್ತು ದೀಪದ ಕೆಳಗೆ ಹಿಡಿದಳು. ನೆತ್ತಿಯಲ್ಲಿ ಬಂಗಾರದ ನಕ್ಷತ್ರ. ಪಕ್ಕದಲ್ಲಿ, ‘ಎಂಥಾ ಮುದ್ದು ಹುಡುಗಿ!’

ಕೆಳಗಿನ ಒಂದು ಲೆಕ್ಕಕ್ಕೂ ಯಾವ ಟೀಚರ ಕೆಂಪು ಪೆನ್ನೂ ತಾಗಿರಲಿಲ್ಲ.