ಪಿತ್ತ ಒಡೆಯದ ಕೈ

ಕರಿಯಪ್ಪನ ಕೈಯಲ್ಲಿ ಪಿತ್ತದ ಚೀಲ ಒಡೆದೇ ಹೋಯಿತು. ಹಂದಿಯ ಲಿವರ್ ಮೇಲೆ ಹಸಿರು ನೀರು ಇಳಿಯುವುದನ್ನು ಹೊಂಗಡಹಳ್ಳದ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಕಾಫಿ ಕೊಯ್ಲು ಮುಗಿದ ಖುಷಿಗೆ ಊರೊಟ್ಟಿನಲ್ಲಿ ಹಂದಿ ಕಡಿದು, ಎಲೆ ಹಾಸಿ, ಮನೆಗೊಂದು ಗುಡ್ಡೆ ಬಾಡು ಹಂಚಿಕೊಳ್ಳುವುದು ಅಲ್ಲಿಯ ರೂಢಿ. ಉಳಿದದ್ದನ್ನು ಯಾರು ಬೇಕಾದರೂ ಕೊಯ್ಯಲಿ, ಪಿತ್ತ ತೆಗೆಯುವುದು ಮಾತ್ರ ಕರಿಯಪ್ಪನೇ. ಆ ಚೀಲಕ್ಕೆ ಉಗುರು ತಾಗಿದರೂ ಸಾಕು, ಬಾಡು ಕಹಿ. ತಮ್ಮ ನಂಜುಂಡ ವರ್ಷವೂ ಕತ್ತಿ ಕೇಳುತ್ತಿದ್ದ. ಕರಿಯಪ್ಪ ಕೊಟ್ಟವನಲ್ಲ.

"ನಿನ್ ಪಿತ್ತ ಯಾವಾಗ್ಲೂ ನೆತ್ತೀಲೇ ಇರ್ತಿತ್ತು ಕಣಣ್ಣ, ಇವತ್ತು ಹಂದೀದೂ ಏರ್ಬುಡ್ತಾ?" ಎಂದು ನಂಜುಂಡ ಛೇಡಿಸಿದ. ಬೇರೆ ದಿನವಾಗಿದ್ದರೆ ತಮ್ಮನ ಜನ್ಮ ಜಾಲಾಡಿಬಿಡುತ್ತಿದ್ದ ಕರಿಯಪ್ಪ, ಇವತ್ತು ಕತ್ತಿ ಕೆಳಗಿಟ್ಟು ಹಳ್ಳದ ಕಡೆ ನಡೆದ. ಗಂಡ ಬೈಯದೆ ಎದ್ದುಹೋದನೆಂದರೆ ಏನೋ ಕೆಟ್ಟಿದೆ ಎಂದು ಗಂಗಾಮಣಿಗೆ ತಿಳಿಯದೆ ಇರುತ್ತದೆಯೇ? ಹಿಂದೆಯೇ ಬಂದಳು.

"ಬೆಳಿಗ್ಗೆ ಯಾರ್ದು ಫೋನು?"

"ಆ ಮಾನಸಾ ಮೇಡಂದು. ಮಳೆಗಾಲಕ್ ಮುಂಚೆ ಊರೋರ್ ರಕ್ತ ತಗೊಂಡು ಹೋಗಿದ್ರಲ್ಲ, ಏನೋ ಸಂಶೋಧನೆ ಅಂತ. ನನ್ ರಕ್ತದಲ್ಲಿ ಪಿತ್ತದ ಆಮ್ಲ ಜಾಸ್ತಿ ಐತಂತೆ."

"ಹಂಗಂದ್ರೆ?"

"ಕಾಯಿಲೆ ಏನಲ್ವಂತೆ. ಆದ್ರೆ ಹಂಗಿರೋರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರೋ ಸಂಭವ ಒಸಿ ಜಾಸ್ತಿನಾ ಅಂತ ಅವ್ರು ನೋಡ್ತಾವ್ರೆ. ಅಪ್ಪನ್ ವಿಚಾರ ಬೇರೆ ಹೇಳಿದ್ನಲ್ಲ, ಒಂದ್ಸಲ ಕರುಳೊಳಗೆ ಕ್ಯಾಮೆರಾ ಇರೋ ಕೊಳವೆ ಹಾಕಿಸ್ಕಂಡ್ ನೋಡಿ ಅಂದ್ರು. ಆಗಲ್ಲ ಅಂದ್ಬುಟ್ಟೆ."

ಅಪ್ಪ ಕಕ್ಕಸಿನಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ, ಸೊಪ್ಪಿನ ರಸ ಕುಡಿದುಕೊಂಡು, ಯಾರಿಗೂ ಹೇಳದೆ ಇದ್ದುಬಿಟ್ಟಿದ್ದ. ಆಸ್ಪತ್ರೆಗೆ ಹೊತ್ತೊಯ್ಯುವ ಹೊತ್ತಿಗೆ ಕರುಳಿನ ಗಂಟು ಹಬ್ಬಬೇಕಾದಲ್ಲೆಲ್ಲ ಹಬ್ಬಿತ್ತು. ಕರಿಯಪ್ಪನಿಗೆ ಭಯವಾಗಿತ್ತು, ಅಷ್ಟೇ. ತೋಟಕ್ಕೆ ಕಾಡಾನೆ ನುಗ್ಗಿದರೆ ಎಲ್ಲರಿಗಿಂತ ಮುಂದೆ ನಿಂತು ಕೂಗು ಹಾಕುವ ಗಂಡಸಿಗೆ ಒಂದು ಕೊಳವೆಯ ಹೆಸರು ಕೇಳಿ ಪಿತ್ತದ ಚೀಲದ ಮೇಲೆ ಕೈ ತಪ್ಪಿತ್ತು.

"ನೋಡಿದ್ರೆ ತಾನೆ ಇರೋದು? ನೋಡ್ದಿದ್ರೆ ಏನೂ ಇಲ್ಲ," ಎಂದ.

ಗಂಗಾಮಣಿ ಅಳಲಿಲ್ಲ, ಗದರಲೂ ಇಲ್ಲ. ಅವನ ರಟ್ಟೆ ಹಿಡಿದು ಬಾಡಿನ ಹತ್ತಿರ ಕರೆತಂದಳು. ಅವನು ಬಿಟ್ಟುಹೋಗಿದ್ದ ಕತ್ತಿ ತೆಗೆದುಕೊಂಡು ಲಿವರನ್ನು ಬೆಳಕಿಗೆ ಹಿಡಿದಳು. ಹಸಿರಾದ ಭಾಗವನ್ನು ಹುಷಾರಾಗಿ ಕೊಯ್ದು ಗುಂಡಿಗೆ ಎಸೆದಳು. ಉಳಿದದ್ದನ್ನು ತೊಳೆದು, ಬೇರೆ ಯಾರಿಗೂ ಬೇಡವೆಂದು ತಮ್ಮ ಮನೆಯ ಗುಡ್ಡೆಗೇ ಹಾಕಿಕೊಂಡಳು.

"ಪಿತ್ತ ಒಡೀತು ಅಂತ ಇಡೀ ಹಂದಿ ಎಸೆದ್ಬುಡ್ತೀವಾ?" ಎಂದಳು ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ. "ಕಹಿ ಆಗಿರೋದ್ನ ಕೊಯ್ದು ಬಿಸಾಕ್ತೀವಿ. ಆದ್ರೆ ಎಲ್ಲಿ ಆಗೈತೆ ಅಂತ ನೋಡ್ಬೇಕಲ್ಲ ಮಾರಾಯ! ಮುಚ್ಚಿಟ್ರೆ ಪೂರ್ತಿ ಹೋಗ್ಬುಡ್ತದೆ."

ಮುಂದಿನ ವಾರ ಕರಿಯಪ್ಪ ಹಾಸನದ ಆಸ್ಪತ್ರೆಯಲ್ಲಿ ಮಗ್ಗುಲಾಗಿ ಮಲಗಿದ್ದ. ಹಿಂದಿನ ದಿನ ಭೇದಿಯ ಔಷಧಿ ಕುಡಿದು ಹೊಟ್ಟೆ ತೊಳೆದಿಟ್ಟ ಹಂಡೆಯಂತಾಗಿತ್ತು. ನಿದ್ದೆ ಬರಿಸುತ್ತೇವೆ ಎಂದರೆ ಬೇಡವೆಂದ, ನೋಡಲೇಬೇಕಾದರೆ ತಾನೇ ನೋಡುತ್ತೇನೆಂದು ಹಟ. ಡಾಕ್ಟರು ಮೇಘಾ ಒಳಗೆ ಬಂದಾಗ ಮಾತ್ರ ಅವನ ಹಟ ಅರ್ಧ ಇಳಿಯಿತು. ಇಷ್ಟು ಚಿಕ್ಕ ಹುಡುಗಿ. ಕೈಯಂತೂ ಇನ್ನೂ ಚಿಕ್ಕದು.

ತೆರೆಯ ಮೇಲೆ ಗುಲಾಬಿ ಬಣ್ಣದ ಗುಹೆ ತೆರೆದುಕೊಳ್ಳುತ್ತ ಹೋಯಿತು. ಒಂದು ತಿರುವಿನಲ್ಲಿ ಮೇಘಾ ನಿಂತಳು. ಗೋಡೆಗೆ ಅಣಬೆಯಂಥದ್ದೊಂದು ಅಂಟಿಕೊಂಡಿತ್ತು. ಕರಿಯಪ್ಪ ತಲೆ ಎತ್ತಲು ನೋಡಿದ.

"ಹೆದರಬೇಡಿ. ಇಂಥದ್ದನ್ನು ಹೀಗೇ ಬಿಟ್ಟರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗಬಹುದು. ಈಗಲೇ ತೆಗೆದುಬಿಡ್ತೀನಿ. ಅಲ್ಲಾಡಬೇಡಿ."

ಕೊಳವೆಯ ತುದಿಯಿಂದ ಕೂದಲಿನಂಥ ತಂತಿಯ ಕುಣಿಕೆ ಹೊರಬಂತು. ಅವಳು ಅವಸರ ಮಾಡಲಿಲ್ಲ. ಅಣಬೆಯ ತಲೆಗೆ ತಾಗದಂತೆ ಕುಣಿಕೆಯನ್ನು ಬುಡಕ್ಕೆ ಇಳಿಸಿದಳು, ಸರಿ ಕೂರಲಿಲ್ಲವೆಂದು ಮತ್ತೆ ಸಡಿಲಿಸಿದಳು, ಇನ್ನೊಮ್ಮೆ ಇಳಿಸಿದಳು. ಎಳೀಬಾರ್ದು, ಎಳೀಬಾರ್ದು ಎಂದುಕೊಳ್ಳುತ್ತಿದ್ದ ಕರಿಯಪ್ಪನ ಹೆಬ್ಬೆರಳು ತೋರುಬೆರಳು ಹೊದಿಕೆಯ ಕೆಳಗೆ ಅವಳ ಜೊತೆಯಲ್ಲೇ ಆಡುತ್ತಿದ್ದವು. ಭಯ ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ. ಅವಳು ಎಳೆಯಲಿಲ್ಲ. ಉಸಿರು ಬಿಡುವಷ್ಟು ಮೆತ್ತಗೆ ಬಿಗಿದಳು. ಅಣಬೆ ಇಡಿಯಾಗಿ ಕಳಚಿಕೊಂಡಿತು. ರಕ್ತ ಜಿನುಗಿತೋ ಇಲ್ಲವೋ ಎನ್ನುವಷ್ಟು.

"ಆಯ್ತು. ಪರೀಕ್ಷೆಗೆ ಕಳಿಸ್ತೀವಿ, ಆದರೆ ಸಮಯಕ್ಕೆ ಸರಿಯಾಗಿ ಬಂದಿದ್ದೀರಿ," ಎಂದಳು ಮೇಘಾ. ಅಪ್ಪನಿಗೂ ಒಂದು ಕಾಲಕ್ಕೆ ಇಷ್ಟೇ ಇತ್ತೇನೋ ಅನ್ನಿಸಿ ಕರಿಯಪ್ಪನ ಕಣ್ಣು ತುಂಬಿತು.

ಎದ್ದು ಕೂತವನು, "ಎಲ್ಲಿ, ಕೈ ತೋರ್ಸಿ ಮೇಡಂ," ಎಂದ.

ಮೇಘಾ ಏನೂ ಅರ್ಥವಾಗದೆ, ಗ್ಲೌಸ್ ಕಳಚಿ ಅಂಗೈ ಚಾಚಿದಳು. ಒಡಹುಟ್ಟಿದವನ ಕೈಗೂ ಕತ್ತಿ ಕೊಡದ ಕರಿಯಪ್ಪ ಆ ಪುಟ್ಟ ಕೈಯನ್ನು ಸ್ವಲ್ಪ ಹೊತ್ತು ನೋಡಿದ.

"ಬರೋ ವರ್ಷ ಕೊಯ್ಲು ಮುಗಿದ್ಮೇಲೆ ನಮ್ಮೂರಿಗೆ ಬರ್ಬೇಕು ಕಣವ್ವ. ಪಿತ್ತ ನೀನೇ ತೆಗೀಬೇಕು."