ಅಪ್ಪ ಹೊಡೆದ ರಿಂಗು

ಬಿಜ್ಜರಗಿಯ ಒಣದ್ರಾಕ್ಷಿ ಶೆಡ್ಡಿನ ಮುಂದೆ ಮಾಳಿಂಗ ತಲೆಯೆತ್ತಿ ನೋಡಿದ. ಅಪ್ಪ ಕಂಬಕ್ಕೆ ಬಡಿದಿದ್ದ ಬ್ಯಾಸ್ಕೆಟ್‌ಬಾಲ್ ರಿಂಗು ಮೊದಲಿಗಿಂತ ಕೆಳಗಿಳಿದಿತ್ತು.

ಅಳತೆ ಗೊತ್ತಿಲ್ಲದ ಅಪ್ಪ ಅದನ್ನು ವಿಪರೀತ ಎತ್ತರಕ್ಕೆ ಹೊಡೆದಿದ್ದ; ಮಾಳಿಂಗ ಆಟ ಕಲಿತದ್ದು ಅದರಲ್ಲೇ. ಆಡಲು ಹೋದ ವಿಜಯಪುರದ ಅಂಗಳದಲ್ಲಿ ಮೊದಲ ದಿನ ಚೆಂಡುಗಳೆಲ್ಲ ರಿಂಗು ದಾಟಿ ಹಾರಿದಾಗ, "ನನ್ನ ಕೈನ ಕೆಡಿಸಿಬಿಟ್ಟಿ ನೀ" ಎಂದು ಮಾಳಿಂಗ ಫೋನಿನಲ್ಲೇ ಅಪ್ಪನ ಮೇಲೆ ಹರಿಹಾಯ್ದಿದ್ದ. ನಿನ್ನೆ ವೃತ್ತಿಪರ ತಂಡವೊಂದು ಅವನನ್ನು ಆರಿಸಿದ್ದು, ಯಾರ ಕೈಗೂ ಸಿಗದ ಅದೇ ಎತ್ತರದ ಎಸೆತಕ್ಕಾಗಿ. ಅದನ್ನು ಕೇಳಲು ಅಪ್ಪ ಬದುಕಿರಲಿಲ್ಲ.

"ಯಾರ ಇಳಿಸ್ಯಾರ ಬೇ ಇದನ್ನ?"

"ನಿಮ್ಮಪ್ಪ, ಯಪ್ಪಾ," ಎಂದಳು ಅವ್ವ. "ನೀ ಫೋನಿನ್ಯಾಗ ಬೈದ ಮರುದಿನಾನ, ದಮ್ಮು ಹತ್ತಿದ್ರೂ ನಿಚ್ಚಣಿಕಿ ಏರಿದಾ. ನನ್ನ ತಪ್ಪಿಗೆ ಮಗನ ಕೈ ಕೆಡಬಾರ್ದು ಅಂದಾ."

ಊರಿಗೇ ಉದ್ದನೆಯ ಮಾಳಿಂಗ ತುದಿಗಾಲಲ್ಲಿ ನಿಂತು ಕೈ ಚಾಚಿದ. ರಿಂಗು ಮೊದಲಿದ್ದಲ್ಲಿನ ಹಳೆಯ ಮೊಳೆಯ ತೂತುಗಳು ಎಟುಕಲಿಲ್ಲ.