ಹಿಂಬಾಗಿಲಿನ ಎತ್ತರ

ಒಂದೇ ಕಂಪನಿಯ ಎರಡು ಸ್ಟೇಷನ್ ವ್ಯಾಗನ್‌ಗಳು ಅಕ್ಕಪಕ್ಕ ನಿಂತಿದ್ದವು, ಒಂದು ಹಳೇ ಮಾಡೆಲ್, ಇನ್ನೊಂದು ಹೊಸದು. ಹೊಸದರಲ್ಲಿ ಪವರ್ ಸ್ಟೀರಿಂಗ್ ಇದೆ, ಏಸಿ ಚೆನ್ನಾಗಿದೆ ಎಂದು ಬ್ರೋಕರ್ ಲೋಕಪ್ಪ ಹೇಳುತ್ತಲೇ ಇದ್ದ. ಕೊಳ್ಳಲು ಬಂದಿದ್ದ ಗಂಡಸು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡರ ಹಿಂಬಾಗಿಲನ್ನೂ ತೆಗೆಸಿ, ಹೆಂಡತಿಯ ಕಡೆ ತಿರುಗಿದ.

“ಆ ಸ್ಟೆಪ್ನಿ ಎತ್ತಿ ಒಳಗಿಡು.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಒರಗಿಸಿದ್ದ ಚಕ್ರವನ್ನು ಹೊಸ ಗಾಡಿಗೆ ಎತ್ತಲು ಹೋದಳು. ಅಂಚಿನ ಹತ್ತಿರ ಬರುವಷ್ಟರಲ್ಲಿ ಕೈ ಸೋತಿತು. ಲೋಕಪ್ಪ ಮುಂದೆ ಬಂದ.

“ಬಿಡಿ ಅಮ್ಮ, ನಾನಿಡ್ತೀನಿ.”

“ಬೇಡ, ಅವಳೇ ಎತ್ಲಿ,” ಎಂದ ಗಂಡ. “ಈಗ ಹಳೇದರಲ್ಲಿಡು.”

ಹಳೆಯದರ ಅಂಚು ಒಂದು ಗೇಣಿನಷ್ಟು ತಗ್ಗಾಗಿತ್ತು. ಚಕ್ರ ಒಳಗೆ ಹೋಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಎಂಥ ಕಲ್ಲುಮನಸ್ಸಿನವನು ಎನಿಸಿತು ಲೋಕಪ್ಪನಿಗೆ. ವ್ಯಾಪಾರ ಹೋದರೆ ಹೋಗಲಿ ಎಂದು ಕೇಳಿಯೇಬಿಟ್ಟ.

“ಗಟ್ಟಿಮುಟ್ಟಾಗಿದ್ದೀರಿ ಸ್ವಾಮಿ. ನೀವೂ ಒಂದು ಕೈ ಹಾಕಿದ್ರೆ ಏನಾಗ್ತಿತ್ತು?”

ಗಂಡ ಚಕ್ರವನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ. ಚಪ್ಪಲಿ ಬಿಟ್ಟು, ಹಳೇ ಗಾಡಿಯ ಅಂಚಿನ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಹೊರಗೆ ಜೋತುಬಿಟ್ಟ.

“ಡಾಕ್ಟ್ರು ಹೇಳಿದ ಹಾಗೆ ದೀಪಾವಳಿ ಹೊತ್ತಿಗೆ ನನ್ನ ಕೈಕಾಲು ಬಿದ್ದುಹೋದ್ರೆ, ಹೀಗೇ ಇರ್ತೀನಿ,” ಎಂದ ಹೆಂಡತಿಗೆ. “ಈಗ ನನ್ನನ್ನ ಎತ್ತಿ ಒಳಗಿಡು.”